ಚಲಿಸುವ ಚಿತ್ರ: ಹಂಚುವುದೆಷ್ಟು, ಕಾಯ್ದುಕೊಳ್ಳುವುದೆಷ್ಟು?

ಬಿತ್ತನೆಯ ಕೂರಿಗೆಯನ್ನು ತಯಾರಿಸಿ ಮಾರುವವನು ಗಿರಾಕಿಗೆ ಹೇಳಬೇಕಾದ ಮುಖ್ಯ ಸಂಗತಿಯು ಆ ಯಂತ್ರದ ಹೊರಮೈಯಲ್ಲಿ ಕಾಣುವುದಿಲ್ಲ. ಪೆಟ್ಟಿಗೆಯೊಳಗಿನ ಬೀಜ ಹೇಗೆ ಒಂದೊಂದಾಗಿ ಇಳಿಯುತ್ತದೆ, ಗಾಲಿಯ ವೇಗಕ್ಕೂ ಬೀಜದ ಅಂತರಕ್ಕೂ ಏನು ಸಂಬಂಧ, ಕೊಳವೆ ಕಟ್ಟಿಕೊಂಡರೆ ಎಲ್ಲಿ ನೋಡಬೇಕು ಎಂಬುದೆಲ್ಲ ಕಬ್ಬಿಣದ ಹೊದಿಕೆಯ ಒಳಗೆ ನಡೆಯುವ ವ್ಯವಹಾರ. ಬಣ್ಣ ಬಳಿದು ನಿಲ್ಲಿಸಿದ ಯಂತ್ರದ ಛಾಯಾಚಿತ್ರ ಇದನ್ನು ಹೇಳಲಾರದು. ಮೊಬೈಲಿನಲ್ಲಿ ತೆಗೆದ ವಿಡಿಯೊ ಕೂಡ ಹೊರಗಿನ ಓಟವನ್ನಷ್ಟೇ ತೋರಿಸೀತು. ಒಳಗಿನ ಕೆಲಸವನ್ನು ರೈತನ ಕಣ್ಣಿಗೆ ಕಟ್ಟುವಂತೆ ತೋರಿಸಬಲ್ಲದ್ದು ಚಲಿಸುವ ರೇಖಾಚಿತ್ರ, ಅಂದರೆ ಅನಿಮೇಶನ್.

ಈ ವಿದ್ಯೆ ಬಹುಕಾಲ ಮಹಾನಗರಗಳ ಸ್ಟುಡಿಯೊಗಳ ಸೊತ್ತಾಗಿತ್ತು. ಬೈಲಹೊಂಗಲದ ಬಿಡಿಭಾಗ ತಯಾರಕನಾಗಲಿ, ರಾಮದುರ್ಗದ ಮಗ್ಗದ ಮಾಲೀಕನಾಗಲಿ ಅದರ ಬಾಗಿಲು ತಟ್ಟುವ ಪ್ರಸಂಗವೇ ಇರಲಿಲ್ಲ. ಆದರೆ ಈಗ ಅಂತರ್ಜಾಲದ ಮೂಲಕವೇ ಬಳಸಬಹುದಾದ ಅನಿಮೇಶನ್ ಸಾಧನಗಳು ಬಂದಿವೆ. ಇವುಗಳಲ್ಲಿ ಕೆಲವಕ್ಕೆ ಹಣ ಕೊಡಬೇಕಾಗಿಲ್ಲ. ಮೇಲಾಗಿ, ಒಬ್ಬನು ಮಾಡಿದ್ದನ್ನು ಇನ್ನೊಬ್ಬನು ನೋಡಿ, ಬಿಚ್ಚಿ, ತನಗೆ ಬೇಕಾದಂತೆ ತಿದ್ದಿ ಬಳಸಿಕೊಳ್ಳುವ ಸಮುದಾಯಗಳೂ ಅವುಗಳ ಸುತ್ತ ಬೆಳೆದಿವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ವ್ಯಾಪಾರಸ್ಥರು ಮತ್ತು ಸಣ್ಣ ಉದ್ದಿಮೆದಾರರು ಇಂಥ ಸಾಧನವೊಂದನ್ನು ಪರೀಕ್ಷಿಸಿ ನೋಡುವುದು ಉಚಿತವೇ? ಉಚಿತವೇ ಆದರೆ, ಅದರೊಡನೆ ಬರುವ ಹಂಚಿಕೆಯ ಪದ್ಧತಿಯನ್ನು ಎಷ್ಟರ ಮಟ್ಟಿಗೆ ಒಪ್ಪಬೇಕು? ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದರಲ್ಲಿ ಲಾಭನಷ್ಟದ ನಿಜವಾದ ಲೆಕ್ಕ ಅಡಗಿದೆ.

ಸಾಧನದ ಪರಿಚಯ

ಈ ಬಗೆಯ ಸಾಧನಗಳ ಪೈಕಿ ಅತ್ಯಂತ ಪ್ರಸಿದ್ಧವಾದದ್ದು ಸ್ಕ್ರ್ಯಾಚ್. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿದ ಇದು 2007ರಲ್ಲಿ ಸಾರ್ವಜನಿಕರಿಗೆ ದೊರೆಯಿತು. ಆಗ ಗಣಕಯಂತ್ರದಲ್ಲಿ ಅಳವಡಿಸಿಕೊಂಡು ಬಳಸಬೇಕಾಗಿದ್ದ ಈ ತಂತ್ರಾಂಶವು 2013ರ ಎರಡನೆಯ ಆವೃತ್ತಿಯಲ್ಲಿ ಜಾಲತಾಣದಲ್ಲಿಯೇ ನಡೆಯುವಂತಾಯಿತು. 2019ರ ಜನವರಿಯಲ್ಲಿ ಮೂರನೆಯ ಆವೃತ್ತಿ ಬಂದಿತು. ಮೂಲತಃ ಇದು 8ರಿಂದ 16 ವರ್ಷದ ಮಕ್ಕಳಿಗಾಗಿ ಸಿದ್ಧಪಡಿಸಿದ್ದು. ಇಂದು ಇದರಲ್ಲಿ ಹೆಸರು ನೋಂದಾಯಿಸಿದವರ ಸಂಖ್ಯೆ 10 ಕೋಟಿಯನ್ನು ಮೀರಿದೆ.

ಮಕ್ಕಳ ಸಾಧನವೆಂದು ಹಗುರವಾಗಿ ಕಾಣಬೇಕಾಗಿಲ್ಲ. ಇದರಲ್ಲಿ ಒಂದು ರಂಗವಿದೆ. ಅದರ ಅಗಲ 480 ಮಾನ, ಎತ್ತರ 360 ಮಾನ. ಆ ರಂಗದ ಮೇಲೆ ಪಾತ್ರಗಳನ್ನು ಇಡಬಹುದು. ಪ್ರತಿ ಪಾತ್ರಕ್ಕೂ ಹಲವು ವೇಷಗಳನ್ನು ಕೊಡಬಹುದು. ಒಂದು ವೇಷದಿಂದ ಇನ್ನೊಂದಕ್ಕೆ ಬೇಗಬೇಗನೆ ಬದಲಾಯಿಸಿದರೆ ಪಾತ್ರ ನಡೆದಂತೆ, ತಿರುಗಿದಂತೆ ಕಾಣುತ್ತದೆ. ಈ ಬದಲಾವಣೆಗೆ ಬೇಕಾದ ಆಜ್ಞೆಗಳು ಬಣ್ಣಬಣ್ಣದ ತುಂಡುಗಳ ರೂಪದಲ್ಲಿವೆ. ಹಸಿರು ಬಾವುಟ ಒತ್ತಿದಾಗ ಆರಂಭಿಸು, ಇಷ್ಟು ಸೆಕೆಂಡಿನಲ್ಲಿ ಇಲ್ಲಿಗೆ ಸರಿ, ಮುಂದಿನ ವೇಷ ತೊಡು, ಸ್ವಲ್ಪ ಕಾಯಿ, ಮತ್ತೆ ಮತ್ತೆ ಮಾಡು ಎಂಬಂಥ ತುಂಡುಗಳನ್ನು ಒಂದರ ಕೆಳಗೆ ಒಂದು ಜೋಡಿಸಿದರೆ ಸಾಕು. ಗಣಕ ಭಾಷೆಯ ವ್ಯಾಕರಣವನ್ನು ಕಂಠಪಾಠ ಮಾಡುವ ತೊಂದರೆ ಇಲ್ಲ.

ರಾಮದುರ್ಗದ ಮಗ್ಗವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಾಸಿನ ನೂಲುಗಳು ಎರಡು ಭಾಗವಾಗಿ ಮೇಲೆ ಕೆಳಗೆ ಸರಿಯುವುದು, ನಡುವಿನ ಸಂದಿನಲ್ಲಿ ಲಾಳಿ ಹೊಕ್ಕಿನ ನೂಲನ್ನು ಎಳೆದುಕೊಂಡು ಆಚೆಗೆ ಹೋಗುವುದು, ಬಳಿಕ ಆ ಎಳೆಯನ್ನು ಬಡಿದು ಕೂಡಿಸುವುದು, ಇಷ್ಟನ್ನು ತೋರಿಸಬೇಕಾಗಿದೆ ಎನ್ನೋಣ. ಸೆಕೆಂಡಿಗೆ 12 ಚಿತ್ರಗಳಂತೆ ಅರ್ಧ ನಿಮಿಷದ ಚಿತ್ರವನ್ನು ಹಳೆಯ ಕ್ರಮದಲ್ಲಿ ಕೈಯಿಂದ ಬರೆಯಬೇಕಾದರೆ 360 ಚಿತ್ರಗಳು ಬೇಕು. ಈ ಸಾಧನದಲ್ಲಾದರೋ ಹಾಸಿನ ಎರಡು ಭಾಗ, ಲಾಳಿ, ಬಡಿಯುವ ಚೌಕಟ್ಟು, ನೇಯ್ದ ಬಟ್ಟೆ ಎಂದು ಐದಾರು ಪಾತ್ರಗಳನ್ನು ಬರೆದುಕೊಂಡರೆ ಮುಗಿಯಿತು. ಉಳಿದದ್ದು ಅವುಗಳನ್ನು ಸರಿಸುವ ಕ್ರಮ. ಅದನ್ನು ಒಮ್ಮೆ ಜೋಡಿಸಿದರೆ ಯಂತ್ರವೇ ಪುನರಾವರ್ತನೆ ಮಾಡುತ್ತದೆ. ಈ ಕ್ರಮವನ್ನು ಜೋಡಿಸುವವನು ಸ್ವತಃ ನೇಕಾರನಾಗಿದ್ದರೆ ಇನ್ನೂ ಒಳ್ಳೆಯದು. ಲಾಳಿ ಯಾವಾಗ ಹೊರಡಬೇಕು, ಎಳೆ ಯಾವಾಗ ಕೂಡಬೇಕು ಎಂಬುದನ್ನು ನಗರದ ಚಿತ್ರಕಾರನಿಗಿಂತ ಅವನೇ ಚೆನ್ನಾಗಿ ಬಲ್ಲ.

ಪರೀಕ್ಷೆಯಲ್ಲಿ ಕಂಡುಬರುವ ಇತಿಮಿತಿ

ಯಾವ ಸಾಧನವನ್ನೂ ಹೊಗಳಿಕೆಯ ಮೇಲೆ ಕೊಳ್ಳಬಾರದೆಂಬುದು ವ್ಯಾಪಾರದ ನಿಯಮ. ಪುಕ್ಕಟೆ ಸಿಗುವುದಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಸ್ಕ್ರ್ಯಾಚ್‌ನಲ್ಲಿ ತಯಾರಾದ ಕೃತಿಯು ನೇರವಾಗಿ ವಿಡಿಯೊ ಕಡತವಾಗಿ ಹೊರಬರುವುದಿಲ್ಲ. ವಾಟ್ಸ್‌ಆ್ಯಪ್ ಮೂಲಕ ಗಿರಾಕಿಗೆ ಕಳುಹಿಸಬೇಕಾದರೆ ಪರದೆಯ ಮೇಲೆ ನಡೆಯುವುದನ್ನು ಬೇರೊಂದು ತಂತ್ರಾಂಶದಿಂದ ಮುದ್ರಿಸಿಕೊಳ್ಳಬೇಕಾಗುತ್ತದೆ. ಚಿತ್ರದ ಸ್ಪಷ್ಟತೆಯೂ ದೊಡ್ಡ ಪರದೆಗೆ ಒಪ್ಪುವಂಥದ್ದಲ್ಲ. ಹಣ ಕೊಟ್ಟು ಬಳಸುವ ವಾಣಿಜ್ಯ ಸಾಧನಗಳಲ್ಲಿ ಈ ಕೊರತೆಗಳಿಲ್ಲ. ಆದರೆ ಕಲಿಕೆಯ ಮೊದಲ ಮೆಟ್ಟಿಲಿಗೆ ಇದು ಸಾಕು. ವಿದ್ಯುತ್ ಹಾಗೂ ಸಂಪರ್ಕ ಕೈಕೊಡುವ ಊರುಗಳಲ್ಲಿ ಅಂತರ್ಜಾಲವಿಲ್ಲದೆಯೂ ನಡೆಯುವ ಇದರ ಪ್ರತ್ಯೇಕ ಆವೃತ್ತಿ ದೊರೆಯುತ್ತದೆಂಬುದು ಸಣ್ಣ ಅನುಕೂಲವಲ್ಲ.

ಕನ್ನಡ ಅಕ್ಷರಗಳ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ತಾಲ್ಲೂಕು ಕೇಂದ್ರಗಳ ಡಿ.ಟಿ.ಪಿ. ಅಂಗಡಿಗಳಲ್ಲಿ ನುಡಿ ಅಥವಾ ಬರಹದ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿಟ್ಟ ಪಠ್ಯದ ರಾಶಿಯೇ ಇದೆ. ಆ ಪಠ್ಯವನ್ನು ಅಂತರ್ಜಾಲದ ಸಾಧನಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಮೂಡುತ್ತದೆ. ಯುನಿಕೋಡ್‌ನಲ್ಲಿ ಬರೆದದ್ದು ಮಾತ್ರ ಇಲ್ಲಿ ನಡೆದೀತು. ಇನ್ನೂ ಸುರಕ್ಷಿತವಾದ ದಾರಿಯೆಂದರೆ ಅಂಗಡಿಯ ಹೆಸರನ್ನೂ ವಿವರಣೆಯನ್ನೂ ಚಿತ್ರದ ರೂಪದಲ್ಲಿ ಸಿದ್ಧಪಡಿಸಿ ಒಳಗೆ ತರುವುದು. ಧ್ವನಿಯನ್ನು ಅಲ್ಲಿಯೇ ಮುದ್ರಿಸಿಕೊಳ್ಳುವ ಸೌಲಭ್ಯವಿದೆ. ಬಾಡಿಗೆಯ ಕಂಠದ ಗ್ರಾಂಥಿಕ ಮಾತಿಗಿಂತ ಕಾರ್ಖಾನೆಯ ಮಿಸ್ತ್ರಿಯೇ ತನ್ನ ಊರಿನ ಮಾತಿನಲ್ಲಿ ವಿವರಿಸಿದರೆ ಕೊಳ್ಳುವ ರೈತನಿಗೆ ಹೆಚ್ಚು ನಂಬಿಕೆ ಹುಟ್ಟುತ್ತದೆ. ಜನಪ್ರಿಯ ಚಲನಚಿತ್ರದ ಹಾಡನ್ನು ಹಿನ್ನೆಲೆಗೆ ಹಾಕುವ ಚಪಲವನ್ನಂತೂ ಬಿಡಲೇಬೇಕು. ಅದು 1957ರ ಕೃತಿಸ್ವಾಮ್ಯ ಅಧಿನಿಯಮದ ವ್ಯಾಪ್ತಿಗೆ ಬರುವ ಸೊತ್ತು.

ಸವದತ್ತಿಯ ವ್ಯಾಪಾರಕ್ಕೆ ಈ ಧ್ವನಿಯ ಸೌಲಭ್ಯ ವಿಶೇಷವಾಗಿ ಒದಗೀತು. ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಂದು ಬರುವ ಭಕ್ತರಲ್ಲಿ ಮಹಾರಾಷ್ಟ್ರದವರು ಬಹುಸಂಖ್ಯೆಯಲ್ಲಿದ್ದಾರೆ. ಆಂಧ್ರ, ತೆಲಂಗಾಣ, ಗೋವೆಯಿಂದಲೂ ಜನ ಬರುತ್ತಾರೆ. ಅಕ್ಷರಗಳಿಂದ ತುಂಬಿದ ಫಲಕವನ್ನು ಎಲ್ಲರೂ ಓದಲಾರರು. ಚಲಿಸುವ ಚಿತ್ರಕ್ಕೆ ಓದಿನ ಹಂಗಿಲ್ಲ. ಚಿತ್ರ ಒಂದನ್ನೇ ಇಟ್ಟುಕೊಂಡು ಧ್ವನಿಯನ್ನು ಮಾತ್ರ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಬದಲಿಸಿದರೆ ಒಂದೇ ದುಡಿಮೆಯಿಂದ ಮೂರು ಪೇಟೆಗಳನ್ನು ಮುಟ್ಟಬಹುದು.

ಹಂಚಿಕೆ ಎಂಬ ಹಳೆಯ ಪದ್ಧತಿ

ಇನ್ನು ಮುಖ್ಯ ಪ್ರಶ್ನೆಗೆ ಬರಬಹುದು. ಸ್ಕ್ರ್ಯಾಚ್‌ನಲ್ಲಿ ಮಾಡಿದ ಕೃತಿಯು ಮಾಡಿದವನು ತಾನಾಗಿ ಹಂಚುವವರೆಗೂ ಇತರರ ಕಣ್ಣಿಗೆ ಬೀಳುವುದಿಲ್ಲ. ಹಂಚಿದ ಮೇಲೆ ಯಾರು ಬೇಕಾದರೂ ಅದನ್ನು ನೋಡಬಹುದು, ಅದರ ಆಜ್ಞೆಗಳ ಜೋಡಣೆಯನ್ನು ಬಿಚ್ಚಿ ನೋಡಬಹುದು, ಅದರ ಮೇಲೆ ತಮ್ಮ ಕೃತಿಯನ್ನು ಕಟ್ಟಬಹುದು. ಹಾಗೆ ಕಟ್ಟಿದಾಗ ಮೂಲ ಕರ್ತೃವಿನ ಹೆಸರು ತಾನಾಗಿಯೇ ನಮೂದಾಗುತ್ತದೆ.

ಈ ಕ್ರಮ ಉತ್ತರ ಕರ್ನಾಟಕಕ್ಕೆ ಹೊಸದೆಂದು ಹೇಳಲಾಗದು. ಬೈಲಹೊಂಗಲ ಸೀಮೆಯ ಕಥೆಯಾದ ಸಂಗ್ಯಾ ಬಾಳ್ಯಾ ಸಣ್ಣಾಟವನ್ನೇ ನೋಡಬಹುದು. ವ್ಯಾಪಾರಿಯ ಮನೆಯೊಂದರಲ್ಲಿ ನಡೆದ ದುರಂತದ ಆ ಕಥೆ ಊರಿಂದೂರಿಗೆ, ಮೇಳದಿಂದ ಮೇಳಕ್ಕೆ ಹರಿದು ಬಂದಿತು. ಪ್ರತಿ ಮೇಳವೂ ತನ್ನ ಮಾತನ್ನು ಕೂಡಿಸಿತು. ಮುಂದೆ ಚಂದ್ರಶೇಖರ ಕಂಬಾರರು ಅದನ್ನು ಆಧುನಿಕ ರಂಗಭೂಮಿಗೆ ತಂದರು. ಹಂಚಿಕೊಂಡದ್ದರಿಂದ ಕಥೆ ಸವೆಯಲಿಲ್ಲ, ಬೆಳೆಯಿತು. ಮಗ್ಗದ ಕೆಲಸವಾಗಲಿ, ಬಡಗಿಯ ಕೆಲಸವಾಗಲಿ ಇದೇ ರೀತಿಯಲ್ಲಿ ಒಬ್ಬರನ್ನೊಬ್ಬರು ನೋಡಿಯೇ ಕಲಿತ ವಿದ್ಯೆಗಳು.

ಹೊಸ ಕಾಲದ ಉದಾಹರಣೆಯೂ ಕರ್ನಾಟಕದಲ್ಲಿಯೇ ಇದೆ. ಗೋವಿನ ಹಾಡಿನ ಕಥೆಯನ್ನು ಆಧರಿಸಿ ಬೆಂಗಳೂರಿನ ರವಿಶಂಕರ್ ಅವರು ನಿರ್ದೇಶಿಸಿದ ‘ಪುಣ್ಯಕೋಟಿ’ ಎಂಬ ಸಂಸ್ಕೃತ ಅನಿಮೇಶನ್ ಚಿತ್ರ 2020ರಲ್ಲಿ ಹೊರಬಂದಿತು. ಅದಕ್ಕೆ ಬೇಕಾದ ಹಣವನ್ನು ಜನರಿಂದ ಸಂಗ್ರಹಿಸಲಾಯಿತು. ಬೇರೆಬೇರೆ ಊರುಗಳ ಕಲಾವಿದರು ಅಂತರ್ಜಾಲದ ನೆರವಿನಿಂದ ಆ ಕಾರ್ಯದಲ್ಲಿ ಕೈಗೂಡಿಸಿದರು. ದೊಡ್ಡ ಬಂಡವಾಳಗಾರನಿಲ್ಲದೆಯೂ ಹಲವರು ಸೇರಿದರೆ ಇಂಥ ಕೆಲಸ ಸಾಧ್ಯವೆಂಬುದಕ್ಕೆ ಇದು ಸಾಕ್ಷಿ. ರಾಜ್ಯ ಸರ್ಕಾರವು 2012ರಲ್ಲಿಯೇ ಅನಿಮೇಶನ್ ಮತ್ತು ಗೇಮಿಂಗ್ ಕ್ಷೇತ್ರಕ್ಕಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. 2024ರಲ್ಲಿ ಹೊಸ ನೀತಿಯೂ ಬಂದಿತು. ಆದರೆ ಈ ಉದ್ಯಮದ ನೆಲೆ ಇಂದಿಗೂ ಬಹುಮಟ್ಟಿಗೆ ಬೆಂಗಳೂರೇ ಆಗಿದೆ. ಮಲಪ್ರಭೆಯ ದಂಡೆಯ ಪಟ್ಟಣಗಳಿಗೆ ಅದು ಹರಿದು ಬರಬೇಕಾದರೆ ಇಲ್ಲಿಯ ಉದ್ದಿಮೆಗಳಿಂದಲೇ ಬೇಡಿಕೆ ಹುಟ್ಟಬೇಕು.

ಆದ್ದರಿಂದ ಹಂಚಿಕೆಯನ್ನು ಒಟ್ಟಾರೆಯಾಗಿ ಸಂಶಯದಿಂದ ಕಾಣುವುದು ಸರಿಯಲ್ಲ. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎಂಬ ಗಾದೆಯನ್ನು ಪೇಟೆಯ ಹಿರಿಯರು ಇಲ್ಲಿ ಎತ್ತಿ ಆಡಬಹುದು. ಸಾಲದ ವ್ಯವಹಾರದಲ್ಲಿ ಅದು ಸತ್ಯವೇ. ಆದರೆ ಕಲಿಕೆಯ ವ್ಯವಹಾರದಲ್ಲಿ ಕೊಟ್ಟವನ ಗಂಟು ಕರಗುವುದಿಲ್ಲ. ಗಾಲಿ ತಿರುಗುವ ಆಜ್ಞೆಗಳ ಜೋಡಣೆಯನ್ನು ಒಬ್ಬ ಕಲಿತು ಹತ್ತು ಜನರಿಗೆ ತೋರಿಸಿದರೆ ಅವನ ಗಾಲಿ ನಿಲ್ಲುವುದಿಲ್ಲ.

ಗಂಟು ಕರಗುವುದು ಎಲ್ಲಿ?

ಗಂಟು ನಿಜವಾಗಿ ಕರಗುವ ಜಾಗವೊಂದಿದೆ. ಈ ಲೇಖನದ ಮುಖ್ಯ ಎಚ್ಚರಿಕೆ ಅದಕ್ಕೆ ಸಂಬಂಧಿಸಿದ್ದು. ಸ್ಕ್ರ್ಯಾಚ್‌ನಲ್ಲಿ ಹಂಚಿದ ಕೃತಿಗಳು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಿಗೆಗೆ ಒಳಪಡುತ್ತವೆ. ಮೂಲ ಕರ್ತೃವನ್ನು ಹೆಸರಿಸಬೇಕು, ಹೊಸ ಕೃತಿಯನ್ನೂ ಅದೇ ಷರತ್ತಿನ ಮೇಲೆ ಬಿಡಬೇಕು ಎಂಬ ಎರಡು ಕಟ್ಟಳೆಗಳನ್ನು ಪಾಲಿಸಿದರೆ ಯಾರು ಬೇಕಾದರೂ, ವ್ಯಾಪಾರಕ್ಕಾಗಿ ಸಹ, ಅದನ್ನು ಬಳಸಿಕೊಳ್ಳಬಹುದು. ಒಮ್ಮೆ ಕೊಟ್ಟ ಈ ಪರವಾನಿಗೆಯನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಮಗ್ಗದ ಕೆಲಸವನ್ನು ತೋರಿಸುವ ಚಿತ್ರದಲ್ಲಿ ನೇಕಾರನು ತನ್ನ ಹೊಸ ಸೆರಗಿನ ಚಿತ್ತಾರವನ್ನೇ ಬರೆದು ಹಂಚಿದನೆಂದು ಭಾವಿಸೋಣ. ಆ ಚಿತ್ರವನ್ನು ಸೂರತ್ತಿನ ಗಿರಣಿಯವನು ತೆಗೆದುಕೊಂಡರೆ ನೇಕಾರನಿಗೆ ಆಕ್ಷೇಪಿಸುವ ದಾರಿ ಬಹಳ ಕಿರಿದಾಗುತ್ತದೆ.

ಪರವಾನಿಗೆಗಿಂತ ಬಲವಾದ ತೊಡಕು ದೇಶದ ಕಾನೂನಿನಲ್ಲಿಯೇ ಇದೆ. 2000ದ ವಿನ್ಯಾಸ ಅಧಿನಿಯಮದ ಪ್ರಕಾರ ಹೊಸ ವಿನ್ಯಾಸಕ್ಕೆ ಮಾತ್ರ ನೋಂದಣಿ ದೊರೆಯುತ್ತದೆ. ಅರ್ಜಿ ಸಲ್ಲಿಸುವ ಮೊದಲೇ ಆ ವಿನ್ಯಾಸವು ಭಾರತದಲ್ಲಾಗಲಿ ಬೇರೆ ದೇಶದಲ್ಲಾಗಲಿ ಸಾರ್ವಜನಿಕರಿಗೆ ಪ್ರಕಟವಾಗಿದ್ದರೆ ಅದು ಹೊಸದೆನಿಸುವುದಿಲ್ಲ. ಪ್ರಕಟಿಸಿದವನು ಸ್ವತಃ ವಿನ್ಯಾಸದ ಒಡೆಯನೇ ಆಗಿದ್ದರೂ ಸಾಮಾನ್ಯವಾಗಿ ಇದೇ ಫಲ. ನೋಂದಣಿಯಾದರೆ 10 ವರ್ಷ, ಕೋರಿಕೆಯ ಮೇಲೆ ಮತ್ತೆ 5 ವರ್ಷ, ಒಟ್ಟು 15 ವರ್ಷ ಸಿಗಬಹುದಾಗಿದ್ದ ರಕ್ಷಣೆಯು ಅವಸರದ ಒಂದು ಗುಂಡಿ ಒತ್ತುವಿಕೆಯಿಂದ ಕೈಬಿಟ್ಟುಹೋಗಬಹುದು. ಚಿತ್ರಕ್ಕೆ ಹೇಗೂ ಕೃತಿಸ್ವಾಮ್ಯವಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರಿಗೂ ಕಾನೂನು ನೆರವಾಗುವುದಿಲ್ಲ. ನೋಂದಣಿಗೆ ಅರ್ಹವಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಒಡೆಯನು ಕೈಗಾರಿಕಾ ಪ್ರಕ್ರಿಯೆಯಿಂದ 50ಕ್ಕಿಂತ ಹೆಚ್ಚು ಬಾರಿ ವಸ್ತುಗಳ ಮೇಲೆ ಮೂಡಿಸಿದರೆ ಅದರ ಕೃತಿಸ್ವಾಮ್ಯವೇ ಕೊನೆಗೊಳ್ಳುತ್ತದೆ. ಯಂತ್ರದಲ್ಲಿ ಹೊಸ ಸುಧಾರಣೆ ಮಾಡಿ ಪೇಟೆಂಟ್ ಪಡೆಯಲು ಬಯಸುವವರಿಗೂ ಇದೇ ಮಾತು ಸಲ್ಲುತ್ತದೆ. ಮೊದಲು ಅರ್ಜಿ, ಆಮೇಲೆ ಪ್ರದರ್ಶನ.

ಆದ್ದರಿಂದ ಪ್ರತಿಯೊಬ್ಬ ಉದ್ದಿಮೆದಾರನೂ ತನ್ನಲ್ಲಿರುವುದನ್ನು ಮೂರು ಬುಟ್ಟಿಗಳಲ್ಲಿ ಬೇರ್ಪಡಿಸಿಕೊಳ್ಳುವುದು ಲೇಸು. ಧಾರಾಳವಾಗಿ ಹಂಚಬಹುದಾದದ್ದು ಮೊದಲನೆಯ ಬುಟ್ಟಿಯದು. ಎಲ್ಲರಿಗೂ ತಿಳಿದ ಯಂತ್ರಗಳ ಕಾರ್ಯವಿಧಾನ, ಸುರಕ್ಷತೆಯ ಪಾಠ, ಹಬ್ಬದ ಶುಭಾಶಯ, ಊರಿನ ಇತಿಹಾಸ ಇದರಲ್ಲಿ ಬರುತ್ತವೆ. 1824ರ ಅಕ್ಟೋಬರ್ 23ರ ಕಿತ್ತೂರಿನ ವಿಜಯವಾಗಲಿ, ಸಂಗೊಳ್ಳಿ ರಾಯಣ್ಣನ ಸಾಹಸವಾಗಲಿ, ಬೆಳವಡಿ ಮಲ್ಲಮ್ಮನ ಕಥೆಯಾಗಲಿ ಯಾರೊಬ್ಬರ ಸ್ವಂತ ಸೊತ್ತೂ ಅಲ್ಲ. ಕಿತ್ತೂರು ಉತ್ಸವದ ವೇಳೆಗೆ ಶಾಲಾ ಮಕ್ಕಳು ಇವುಗಳನ್ನು ಚಲಿಸುವ ಚಿತ್ರಗಳಾಗಿಸಿ ಜಗತ್ತಿಗೆ ಹಂಚಿದರೆ ನಾಡಿಗೆ ಹೆಮ್ಮೆಯೇ ಹೊರತು ಯಾರಿಗೂ ನಷ್ಟವಿಲ್ಲ.

ನೋಂದಣಿಯ ಅರ್ಜಿ ಸಲ್ಲಿಸಿದ ಬಳಿಕವಷ್ಟೇ ತೋರಿಸಬೇಕಾದ ಹೊಸ ಚಿತ್ತಾರ, ಹೊಸ ಆಕಾರ, ವ್ಯಾಪಾರ ಚಿಹ್ನೆ ಇವು ಎರಡನೆಯ ಬುಟ್ಟಿಯಲ್ಲಿರಬೇಕು. ಇವುಗಳನ್ನು ಆಗಲೂ ಮುಕ್ತ ಪರವಾನಿಗೆಯ ತಾಣದಲ್ಲಿ ಇಡದೆ ಹಕ್ಕುಗಳನ್ನು ಕಾಯ್ದಿರಿಸಿಕೊಳ್ಳಲು ಅವಕಾಶವಿರುವ ಕಡೆ ಪ್ರಕಟಿಸುವುದು ಯೋಗ್ಯ. ಮೂರನೆಯ ಬುಟ್ಟಿ ಎಂದೂ ತೆರೆಯಬಾರದ್ದು. ಗಿರಾಕಿಗಳ ಹೆಸರು, ದರದ ಒಳಲೆಕ್ಕ, ಬಣ್ಣದ ಅಥವಾ ಹದದ ಗುಟ್ಟು, ಕೆಲಸಗಾರರ ಮತ್ತು ಮಕ್ಕಳ ಮುಖಚಿತ್ರ ಇವು ಅಲ್ಲಿಯೇ ಉಳಿಯಬೇಕು.

ಸ್ಕ್ರ್ಯಾಚ್‌ನ ವಿಷಯದಲ್ಲಿ ಇನ್ನೊಂದು ಮರ್ಯಾದೆಯನ್ನೂ ಪಾಲಿಸಬೇಕಾಗುತ್ತದೆ. ವ್ಯಾಪಾರಿಯ ಮೊದಲ ಪ್ರವೃತ್ತಿ ಚಿತ್ರದ ಕೊನೆಗೆ ಅಂಗಡಿಯ ವಿಳಾಸ ಮತ್ತು ಮೊಬೈಲ್ ಸಂಖ್ಯೆ ಹಾಕುವುದು. ಮಕ್ಕಳೇ ಹೆಚ್ಚಾಗಿರುವ ಆ ಸಮುದಾಯದಲ್ಲಿ ದೂರವಾಣಿ ಸಂಖ್ಯೆಯಂಥ ಖಾಸಗಿ ವಿವರವನ್ನು ಪ್ರಕಟಿಸುವಂತಿಲ್ಲ. ಅದು ಕಲಿಕೆಯ ಅಂಗಳ. ಅಲ್ಲಿ ಕಲಿತು ಬಂದು, ಜಾಹೀರಾತನ್ನು ತನ್ನ ಅಂಗಡಿಯ ಪರದೆಯಲ್ಲಿಯೋ ಸ್ವಂತ ಜಾಲತಾಣದಲ್ಲಿಯೋ ನಡೆಸುವುದು ಸಭ್ಯತೆ. ಗರಡಿಮನೆಯಲ್ಲಿ ಸಾಮು ಮಾಡಬಹುದು, ಅಲ್ಲಿ ಅಂಗಡಿ ಹಾಕಲಾಗದು.

ಬಾಡಿಗೆಯ ಮಳಿಗೆ

ಅಂತರ್ಜಾಲದ ಸಾಧನವೆಂದರೆ ಬಾಡಿಗೆಯ ಮಳಿಗೆ ಇದ್ದಂತೆ. ಒಳಗಿನ ಸರಕು ಬಾಡಿಗೆದಾರನದಾದರೂ ಬೀಗದ ಕೈ ಮಾಲೀಕನ ಬಳಿ ಇರುತ್ತದೆ. ಈ ಮಾತಿಗೆ ಇತಿಹಾಸದ ಆಧಾರವಿದೆ. ಒಂದು ಕಾಲಕ್ಕೆ ಅಂತರ್ಜಾಲದ ಬಹುಪಾಲು ಅನಿಮೇಶನ್‌ಗಳು ಅಡೋಬಿ ಕಂಪನಿಯ ಫ್ಲ್ಯಾಶ್ ತಂತ್ರವನ್ನು ಅವಲಂಬಿಸಿದ್ದವು. 2020ರ ಡಿಸೆಂಬರ್ 31ರಂದು ಅದಕ್ಕೆ ಕಂಪನಿಯ ಬೆಂಬಲ ನಿಂತಿತು. ಕಾಲಕಾಲಕ್ಕೆ ಬದಲಾಗದ ಅಸಂಖ್ಯ ಕೃತಿಗಳು ತೆರೆಯಲಾರದ ಕಡತಗಳಾದವು. ಸ್ಕ್ರ್ಯಾಚ್‌ನ ಎರಡನೆಯ ಆವೃತ್ತಿಯೂ ಫ್ಲ್ಯಾಶ್ ಮೇಲೆ ನಿಂತಿದ್ದೇ. ಅದನ್ನು ನಡೆಸುವವರು ಮುಂದಾಲೋಚನೆಯಿಂದ 2019ರಲ್ಲಿಯೇ ಬೇರೆ ತಂತ್ರಕ್ಕೆ ಬದಲಾದ ಕಾರಣ ಹಳೆಯ ಕೃತಿಗಳು ಉಳಿದುಕೊಂಡವು. ಗೋಅನಿಮೇಟ್ ಎಂಬ ಇನ್ನೊಂದು ಸಾಧನ ಸಾಮಾನ್ಯ ಬಳಕೆದಾರರಲ್ಲಿ ಬಹು ಜನಪ್ರಿಯವಾಗಿತ್ತು. ಕ್ರಮೇಣ ಅದು ವ್ಯಾಪಾರ ಸಂಸ್ಥೆಗಳ ಕಡೆಗೆ ವಾಲಿ, 2018ರಲ್ಲಿ ವ್ಯೋಂಡ್ ಎಂದು ಹೆಸರು ಬದಲಿಸಿ, ಹಣ ಕೊಡುವವರ ಸಾಧನವಾಯಿತು. ಮಾಲೀಕನಿಗೆ ತನ್ನ ವ್ಯಾಪಾರ ನೋಡಿಕೊಳ್ಳುವ ಹಕ್ಕಿದೆ, ತಪ್ಪೆನ್ನಲಾಗದು. ಬಾಡಿಗೆದಾರನು ತನ್ನ ಸರಕಿನ ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಂಡಿರಬೇಕು, ಅಷ್ಟೆ. ಪ್ರತಿ ಕೃತಿಯ ಮೂಲ ಕಡತ, ಬಳಸಿದ ಚಿತ್ರಗಳು, ಮುದ್ರಿಸಿದ ಧ್ವನಿ ಮತ್ತು ವಿಡಿಯೊ ರೂಪ ಈ ನಾಲ್ಕನ್ನೂ ತನ್ನದೇ ಡಿಸ್ಕಿನಲ್ಲಿ ಕಾಪಾಡಿಕೊಳ್ಳುವುದು ಲೆಕ್ಕದ ಪುಸ್ತಕ ಇಟ್ಟಷ್ಟೇ ಅಗತ್ಯ.

ವಾಕ್ಯವೊಂದನ್ನು ಬರೆದುಕೊಟ್ಟರೆ ಕ್ಷಣಾರ್ಧದಲ್ಲಿ ವಿಡಿಯೊ ತಯಾರಿಸಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿರುವಾಗ ತುಂಡು ಜೋಡಿಸುವ ಈ ಕಷ್ಟವೇಕೆ ಎಂದು ಕೆಲವರು ಕೇಳಬಹುದು. ಹಬ್ಬದ ಶುಭಾಶಯಕ್ಕೆ ಆ ಸಾಧನಗಳು ಸಾಕಾದೀತು. ಯಂತ್ರದ ವಿವರಣೆಗೆ ಸಾಕಾಗುವುದೆಂದು ನಂಬುವಂತಿಲ್ಲ. ಅವು ಬರೆದುಕೊಡುವ ಚಿತ್ರದಲ್ಲಿ ಹಲ್ಲುಗಾಲಿಗಳು ಒಂದಕ್ಕೊಂದು ಕಚ್ಚದೆ ತಿರುಗಬಹುದು, ಲಾಳಿ ನೂಲನ್ನು ಬಿಟ್ಟು ಹಾರಬಹುದು. ಚಂದ ಕಾಣುವ ತಪ್ಪು ಕುರೂಪವಾದ ತಪ್ಪಿಗಿಂತ ಅಪಾಯಕಾರಿ, ಏಕೆಂದರೆ ಗಿರಾಕಿ ಅದನ್ನೇ ಸತ್ಯವೆಂದು ನಂಬಿ ಯಂತ್ರವನ್ನು ಹಾಗೆಯೇ ನಡೆಸಲು ಹೋಗುತ್ತಾನೆ. ಪ್ರತಿ ಚಲನೆಯನ್ನೂ ತಯಾರಕನೇ ಜೋಡಿಸಿದಾಗ ಆ ಚಿತ್ರಕ್ಕೆ ಅವನ ಹೊಣೆಗಾರಿಕೆಯ ಮುದ್ರೆ ಬೀಳುತ್ತದೆ.

ಸಂಘಗಳು ಮಾಡಬೇಕಾದದ್ದು

ಇವೆಲ್ಲವನ್ನೂ ಒಬ್ಬೊಬ್ಬ ವ್ಯಾಪಾರಿಯೇ ಪ್ರತ್ಯೇಕವಾಗಿ ಮಾಡಲಿ ಎಂದರೆ ಆಗುವ ಮಾತಲ್ಲ. ಬೆಳಗಿನಿಂದ ರಾತ್ರಿಯವರೆಗೆ ಗಲ್ಲೆಯ ಮೇಲೆ ಕುಳಿತವನಿಗೆ ತುಂಡು ಜೋಡಿಸಲು ವೇಳೆ ಎಲ್ಲಿಯದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಮನೆಯಲ್ಲಿಯೇ ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ಓದುವ ಮಗನೋ ಮಗಳೋ ಇರಬಹುದು. ಹಿರಿಯರಲ್ಲಿ ಯಂತ್ರದ ಜ್ಞಾನವಿದೆ, ಕಿರಿಯರಲ್ಲಿ ಪರದೆಯ ಸಲುಗೆಯಿದೆ. ಇವೆರಡೂ ಒಂದೇ ಮೇಜಿನ ಮುಂದೆ ಕುಳಿತರೆ ಅದಕ್ಕಿಂತ ಅಗ್ಗದ ತರಬೇತಿ ಮತ್ತೊಂದಿಲ್ಲ. ವ್ಯಾಪಾರಿ ಮನೆತನಗಳ ಮಕ್ಕಳು ತಂದೆಯ ಕಸುಬಿನಲ್ಲಿ ಆಸಕ್ತಿ ಕಳೆದುಕೊಂಡು ಹುಬ್ಬಳ್ಳಿ, ಪುಣೆ, ಬೆಂಗಳೂರುಗಳತ್ತ ಮುಖ ಮಾಡುತ್ತಿದ್ದಾರೆಂಬ ಕೊರಗು ಈ ನಾಲ್ಕೂ ಪಟ್ಟಣಗಳಲ್ಲಿ ಕೇಳಿಬರುತ್ತದೆ. ತಂದೆಯ ಯಂತ್ರವನ್ನು ತಾನೇ ಬರೆದು ಓಡಿಸಿದ ಮಗುವಿಗೆ ಆ ಯಂತ್ರ ಮೊದಲಿನಷ್ಟು ಅಪರಿಚಿತವಾಗಿ ಉಳಿಯುವುದಿಲ್ಲ.

ವರ್ತಕರ ಸಂಘಗಳು ಹಾಗೂ ಉದ್ದಿಮೆದಾರರ ಸಂಘಗಳು ಈ ದಿಸೆಯಲ್ಲಿ ಮೂರು ಕೆಲಸ ಮಾಡಬಹುದು. ಮೊದಲನೆಯದಾಗಿ, ತಿಂಗಳಿಗೊಂದು ಸಂಜೆ ಸಂಘದ ಕಚೇರಿಯ ಗಣಕಯಂತ್ರವನ್ನು ಇದಕ್ಕಾಗಿ ಬಿಟ್ಟುಕೊಟ್ಟು, ಹತ್ತಿರದ ಐ.ಟಿ.ಐ. ಅಥವಾ ಪಾಲಿಟೆಕ್ನಿಕ್‌ನ ಬೋಧಕರನ್ನು ಕರೆಸಿ, ಪ್ರತಿ ಸಲ ಒಂದೊಂದು ಯಂತ್ರದ ಚಿತ್ರವನ್ನು ಸಾಮೂಹಿಕವಾಗಿ ಸಿದ್ಧಪಡಿಸುವುದು. ಎರಡನೆಯದಾಗಿ, ಯಾರೂ ಹಕ್ಕು ಸಾಧಿಸಬೇಕಾಗಿಲ್ಲದ ಸಾಮಾನ್ಯ ಚಿತ್ರಗಳ ಭಂಡಾರವೊಂದನ್ನು ಕಟ್ಟುವುದು. ಗಾಲಿ, ಪಟ್ಟಿ, ಮೋಟಾರು, ಲಾಳಿ, ಗಾಣ, ಚಕ್ಕಡಿ ಇಂಥವನ್ನು ಒಬ್ಬ ಬರೆದರೆ ನಾಲ್ಕೂ ತಾಲ್ಲೂಕಿನವರು ಬಳಸಬಹುದು. ಮೂರನೆಯದಾಗಿ, ಹಂಚುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಸರಳ ಕನ್ನಡದಲ್ಲಿ ಅಚ್ಚುಮಾಡಿಸಿ ಸದಸ್ಯರಿಗೆ ಕೊಡುವುದು. ಈ ವಿನ್ಯಾಸ ಹೊಸದೇ? ನೋಂದಣಿಯ ಅರ್ಜಿ ಹೋಗಿದೆಯೇ? ಈ ತಾಣದ ಪರವಾನಿಗೆ ಯಾವುದು? ಮೂಲ ಪ್ರತಿ ಮನೆಯಲ್ಲಿದೆಯೇ? ನಾಲ್ಕೇ ಪ್ರಶ್ನೆಗಳು. ಉತ್ತರ ತಿಳಿಯದಿದ್ದಲ್ಲಿ ವಕೀಲರನ್ನೋ ಪೇಟೆಂಟ್ ಏಜೆಂಟರನ್ನೋ ಕೇಳಿದ ಮೇಲೆಯೇ ಮುಂದುವರಿಯಬೇಕು.

ಈ ಪ್ರಯತ್ನದಿಂದ ನಾಳೆಯೇ ವಹಿವಾಟು ದ್ವಿಗುಣವಾಗುವುದೆಂದು ಯಾರೂ ಭರವಸೆ ಕೊಡಲಾರರು. ಚಿತ್ರ ಎಷ್ಟೇ ಚೆನ್ನಾಗಿ ಓಡಲಿ, ಕೂರಿಗೆ ಹೊಲದಲ್ಲಿ ಓಡದಿದ್ದರೆ ಗಿರಾಕಿ ಮರಳಿ ಬರುವುದಿಲ್ಲ. ಸರಕಿನ ಗುಣಕ್ಕೆ ಬದಲಿ ಇಲ್ಲ. ಆದರೆ ಒಳ್ಳೆಯ ಸರಕಿದ್ದೂ ಅದರ ಒಳಗುಣವನ್ನು ಹೇಳಲಾಗದೆ, ಹೊರಮೈಯ ಬಣ್ಣದ ಪೈಪೋಟಿಯಲ್ಲಿ ದೊಡ್ಡ ಕಂಪನಿಗಳಿಗೆ ಸೋಲುತ್ತಿರುವ ತಯಾರಕರಿಗೆ ಇದು ಕೈಗೆಟಕುವ ಆಯುಧ. ಅದನ್ನು ಕಲಿಯುವಾಗ ಕೈ ಬಿಚ್ಚಿ ಕಲಿಯಬೇಕು, ಕಲಿಸಬೇಕು. ಮಾರುವಾಗ ಮಾತ್ರ ತನ್ನ ಚಿತ್ತಾರದ ಮೇಲೆ ತನ್ನ ಹೆಸರನ್ನು ಮೊದಲು ಬರೆಯಿಸಿಕೊಂಡು, ಆಮೇಲೆ ಜಗತ್ತಿನ ಮುಂದೆ ಹರಡಬೇಕು. ಈ ಎರಡರ ನಡುವಿನ ಗೆರೆಯನ್ನು ಅರಿತವನಿಗೆ ಹಂಚಿಕೆ ಲಾಭವನ್ನೇ ತರುತ್ತದೆಂಬುದರಲ್ಲಿ ಸಂದೇಹವಿಲ್ಲ.